ಒಂದು ದಡ ಬಿಟ್ಟುಬಿಡು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ನಕ್ಷೆ ನೋಡಿದೆ. ಕೆರೆಯ ಸುತ್ತ ಪೂರ್ತಿ ನಡೆಯುವ ದಾರಿ, ಉದ್ದಕ್ಕೂ ದೀಪ, ದೋಣಿಕಟ್ಟೆ, ಮಕ್ಕಳ ಆಟದ ಜಾಗ. "ಯಾರಿಗೂ ಬೇಜಾರಾಗಬಾರದು" ಅಂತ ಕೆಳಗೆ ಬರೆದಿದ್ದೀಯ. ಬೇಜಾರಾದರೂ ಬಾಯಿಬಿಟ್ಟು ಹೇಳಲಾಗದವರು ಅಲ್ಲಿ ತುಂಬಾ ಇದ್ದಾರೆ ಕಣೋ. ಜೊಂಡಿನೊಳಗೆ ಗೂಡು ಕಟ್ಟುವ ಹಕ್ಕಿ, ದಡ ಹತ್ತಿ ಬಿಸಿಲು ಕಾಯಿಸುವ ಆಮೆ, ಕಪ್ಪೆ.

ನನ್ನ ತಕರಾರು ಒಂದೇ. ದಾರಿ ಪೂರ್ತಿ ಸುತ್ತು ಯಾಕೆ ಬರಬೇಕು? ಮನುಷ್ಯ ಹತ್ತಿರ ಬಂದರೆ ನೀರುಹಕ್ಕಿ ಆಚೆ ದಡಕ್ಕೆ ಹೋಗುತ್ತದೆ. ಅಲ್ಲೂ ಜನ ಇದ್ದರೆ ನೀರಿನ ನಡುವಿಗೆ. ನಡುವೆ ದೋಣಿ! ಕಾವಿಗೆ ಕೂತ ಹಕ್ಕಿ ಪದೇ ಪದೇ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. ನಾವು ಯಾರೂ ಕಲ್ಲು ಹೊಡೆದಿರುವುದಿಲ್ಲ. ಸುಮ್ನೆ ನಡೆದುಹೋಗಿರುತ್ತೇವೆ, ಅಷ್ಟೇ.

ಅದಕ್ಕೇ ಹೇಳುವುದು, ಒಂದು ದಡ ಬಿಟ್ಟುಬಿಡು. ನೀರು ಆಳವಿಲ್ಲದ, ಜೊಂಡು ದಟ್ಟವಾಗಿ ಬೆಳೆದ ಕಡೆಯನ್ನೇ ಆರಿಸು. ಅಲ್ಲಿ ದಾರಿ ನೀರಿನಿಂದ ದೂರ ಸರಿದು ಮರಗಳ ಹಿಂದೆ ಹಾದುಹೋಗಲಿ. ಒಂದೇ ಒಂದು ಕಡೆ ಮರದ ಅಟ್ಟಣೆ ಹಾಕು, ಜನ ನಿಂತು ನೋಡಲಿ. 'ಪ್ರವೇಶವಿಲ್ಲ' ಅನ್ನುವ ಬೋರ್ಡನ್ನು ಯಾರೂ ಓದುವುದಿಲ್ಲ. ಮುಳ್ಳುಪೊದೆ ಹಾಕು, ಎಲ್ಲರಿಗೂ ಅರ್ಥವಾಗುತ್ತದೆ.

ದೀಪ ಆಟದ ಜಾಗದ ಕಡೆ ಸಾಕು. ಗಿಡ್ಡ ಕಂಬ, ಹಳದಿ ಬೆಳಕು, ನೀರಿನ ಮೇಲೆ ಬೀಳದ ಹಾಗೆ. ಬಿಳಿ ದೀಪಕ್ಕೆ ಹುಳ ಜಾಸ್ತಿ ಮುತ್ತಿ ಸಾಯುತ್ತವೆ.

ಇನ್ನು ನಕ್ಷೆಯಲ್ಲಿ ದಡಕ್ಕೆ ಹಾಕಿರುವ ಆ ಕಾಂಕ್ರೀಟ್ ಗೋಡೆ. ಅದರಿಂದ ನೀರಿಗೆ ಬಿದ್ದ ಆಮೆಮರಿ ಮೇಲೆ ಹತ್ತುವುದಾದರೂ ಹೇಗೆ? ಸಿಂಗಪುರದ ಬಿಶಾನ್ ಉದ್ಯಾನದಲ್ಲಿ 2.7 ಕಿ.ಮೀ. ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು ಅಂಕುಡೊಂಕಾಗಿ ಹರಿಯುವ ನದಿ ಮಾಡಿದರು. 2012ರಲ್ಲಿ ಜನರಿಗೆ ತೆರೆದರು. ಒಣ ದಿನ ಇಳಿಜಾರಿನ ಹುಲ್ಲಿನಲ್ಲಿ ಮಕ್ಕಳು ಆಡುತ್ತಾರೆ. ಜೋರು ಮಳೆ ಬಂದರೆ ಅದೇ ಹುಲ್ಲಿನ ಮೇಲೆ ನದಿ ಹರಡಿಕೊಳ್ಳುತ್ತದೆ. ಎಚ್ಚರಿಕೆಯ ಸೈರನ್ ಕೇಳಿ ಜನ ಮೇಲೆ ಹತ್ತುತ್ತಾರೆ. ಆಮೇಲೆ ನೀರುನಾಯಿಗಳೂ ಅಲ್ಲಿಗೆ ಬಂದವು. ಜಾಗ ಹಂಚಿಕೊಳ್ಳಲು ಆಗದಿದ್ದರೆ ಹೊತ್ತನ್ನು ಹಂಚಿಕೊಳ್ಳಬಹುದು, ಅಲ್ವಾ? ನಿನ್ನ ದೋಣಿಗಳನ್ನೂ ಗೂಡು ಕಟ್ಟುವ ತಿಂಗಳುಗಳಲ್ಲಿ ಕಟ್ಟಿಹಾಕಿಸು. ಮೋಟಾರ್ ದೋಣಿಯಂತೂ ಬೇಡವೇ ಬೇಡ, ಅದರ ಅಲೆ ಮಣ್ಣಿನ ದಡವನ್ನು ಕೊರೆಯುತ್ತದೆ.

ದಡ ಚೆಂದ ಮಾಡಿದರೆ ಎಲ್ಲ ಸರಿಹೋಯಿತು ಎಂದೂ ಅಂದುಕೊಳ್ಳಬೇಡ. ಜರ್ಮನಿಯ ಮ್ಯೂನಿಕ್‌ನಲ್ಲಿ ಇಸಾರ್ ನದಿಯ 8 ಕಿ.ಮೀ. ಭಾಗವನ್ನು 2000ದಿಂದ 2011ರವರೆಗೆ ಕೆಲಸ ಮಾಡಿ ಮತ್ತೆ ಬೆಣಚುಕಲ್ಲಿನ ಸಹಜ ದಡವಾಗಿಸಿದರು. ಪ್ರವಾಹಕ್ಕೂ ಅನುಕೂಲವಾಯಿತು, ಜನರಿಗೂ ಖುಷಿಯಾಯಿತು. ಈಗ ಬೇಸಿಗೆಯಲ್ಲಿ ಅಲ್ಲಿ ಸೇರುವ ಜನ, ಅವರು ಬಿಟ್ಟುಹೋಗುವ ಕಸವೇ ತಲೆನೋವು. ಕಸ ಎತ್ತುವವರ ಲೆಕ್ಕ ನಿನ್ನ ಯೋಜನೆಯಲ್ಲಿ ಎಲ್ಲೂ ಕಾಣಲಿಲ್ಲ.

ನಾನೇನು ಸಾಚಾ ಅಲ್ಲ. ವರ್ಷಗಟ್ಟಲೆ ಬಾತುಗಳಿಗೆ ಬ್ರೆಡ್ ಎಸೆದವನೇ. ಉಳಿದದ್ದು ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ ಅಂತ ತಿಳಿದದ್ದು ತಡವಾಗಿ.

ನಕ್ಷೆಗೆ ಸಹಿ ಬೀಳುವ ಮೊದಲು ಒಂದು ಬೆಳಿಗ್ಗೆ, ಒಂದು ಸಂಜೆ ಅಲ್ಲಿ ಹೋಗಿ ಕೂತುಕೋ. ಹಕ್ಕಿಗಳು ಎಲ್ಲಿ ಇಳಿಯುತ್ತವೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕಳಿಸು. ದಾರಿ ಎಲ್ಲಿ ತಿರುಗಬೇಕು ಅಂತ ಆಮೇಲೆ ಜಗಳ ಆಡೋಣ.

ನಿನ್ನ ಗೆಳೆಯ