ನೇರ ಪ್ರಸಾರದ ದುಡ್ಡಲ್ಲಿ ಒಂದು ಬಸ್ಸು ಮಾಡಿಸಿ

ಮಾನ್ಯರೇ,

ಈಗೀಗ ನಮ್ಮ ಕಡೆ ಯಕ್ಷಗಾನ ಆಟದ ಕಾಗದ ಕೈಗೆ ಬಂದರೆ ಪ್ರಸಂಗದ ಹೆಸರಿಗಿಂತ ಮೊದಲು ಕಣ್ಣಿಗೆ ಬೀಳುವುದು ‘ನೇರ ಪ್ರಸಾರವಿದೆ’ ಎನ್ನುವ ಸಾಲು. ಬನ್ನಿ ಅಂತ ಕರೆಯುವ ಕಾಗದದಲ್ಲೇ ಬಾರದಿದ್ದರೂ ನಡೆಯುತ್ತದೆ ಅಂತ ಹೇಳಿದ ಹಾಗಾಯಿತು, ಅಲ್ವಾ?

ನೇರ ಪ್ರಸಾರವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮುಂಬಯಿಯಲ್ಲಿ, ದುಬೈಯಲ್ಲಿ ಇರುವ ನಮ್ಮವರಿಗೆ, ಮಂಡಿನೋವಿನಿಂದ ನೆಲಕ್ಕೆ ಕೂರಲು ಆಗದ ಹಿರಿಯರಿಗೆ ಅದು ದೊಡ್ಡ ಉಪಕಾರ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಆಟ ಆಡುವ ಮೇಳಗಳ ಊರೂರು ತಿರುಗಾಟ ಅರ್ಧಕ್ಕೇ ನಿಂತಾಗ ಕಲೆಯನ್ನು ಜನರ ಕಣ್ಣೆದುರು ಇಟ್ಟದ್ದೂ ಮೊಬೈಲೇ. ತಾಳಮದ್ದಳೆಯಂತೂ ಪರದೆಗೆ ಚೆನ್ನಾಗಿ ಒಗ್ಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಮುಖ್ಯ. ಕಂಬಳ ಕೂಡ ಬೇಕಾದರೆ ಟಿವಿಯಲ್ಲೇ ನೋಡಿ ಮಾರಾಯ್ರೆ, ಆ ಜನಜಂಗುಳಿಯಲ್ಲಿ ಕೋಣ ಓಡುವ ಕರೆಯ ಹತ್ತಿರ ಹೋಗಲಿಕ್ಕೇ ಆಗುವುದಿಲ್ಲ.

ಆದರೆ ಬಯಲಲ್ಲಿ ವೇಷ ಕಟ್ಟಿ ಕುಣಿಯುವ ಬಯಲಾಟ ಹಾಗಲ್ಲ. ‘ದೇವಿಮಹಾತ್ಮೆ’ಯಲ್ಲಿ ಮಹಿಷಾಸುರ ಬರುವುದನ್ನೇ ನೋಡಿ. ಅವನು ಬಣ್ಣ ಹಚ್ಚುವ ಚೌಕಿಯಿಂದ ಸೀದಾ ರಂಗಸ್ಥಳಕ್ಕೆ ಬರುವುದಿಲ್ಲ, ಜನರ ಹಿಂದಿನಿಂದ ಬರುತ್ತಾನೆ. ದೂರದಲ್ಲೆಲ್ಲೋ ಅಬ್ಬರ ಕೇಳುತ್ತದೆ, ಕೂತವರೆಲ್ಲ ತಿರುಗಿ ನೋಡುತ್ತಾರೆ, ಚಾಪೆ ಹಾಸಿ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತವೆ. ದೊಂದಿ ಹಿಡಿದವರು ದಾರಿ ಮಾಡುತ್ತಾರೆ. ರಾಳದ ಪುಡಿ ಎರಚಿದ ಕೂಡಲೇ ಭುಗ್ಗೆಂದು ಬೆಂಕಿ ಏಳುತ್ತದೆ, ಬದಿಯಲ್ಲಿ ನಿಂತವರ ಕೆನ್ನೆಗೆ ಅದರ ಬಿಸಿ ತಾಗುತ್ತದೆ. ಆ ಬೆಳಕಲ್ಲಿ ಕೊಂಬು, ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖ, ಕೆಂಪು ಕಣ್ಣು ಒಂದು ಕ್ಷಣ ಕಂಡು ಮತ್ತೆ ಹೊಗೆಯಲ್ಲಿ ಮಾಯ. ಆ ಬಣ್ಣ ಬರೆದುಕೊಳ್ಳಲು ವೇಷಧಾರಿ ಚೌಕಿಯಲ್ಲಿ ಕನ್ನಡಿ ಹಿಡಿದು ಗಂಟೆಗಟ್ಟಲೆ ಕೂತಿರುತ್ತಾರೆ. ಮೊಬೈಲಿನಲ್ಲಿ ಇದೇ ದೃಶ್ಯ ಏನಾಗುತ್ತದೆ ಗೊತ್ತಾ? ಬೆಂಕಿ ಎದ್ದಾಗ ಪರದೆಯೆಲ್ಲ ಬೆಳ್ಳಗೆ, ಆಮೇಲೆ ಯಾರದ್ದೋ ತಲೆ, ಮಹಿಷ ರಂಗಸ್ಥಳ ಹತ್ತಿದ ಮೇಲೆ ಚಿತ್ರ ಸರಿಯಾಗುತ್ತದೆ. ಅಷ್ಟರಲ್ಲಿ ನೋಡಬೇಕಾದ್ದು ಮುಗಿದಿರುತ್ತದೆ. ಚೆಂಡೆಯ ಪೆಟ್ಟು ಎದುರು ಕೂತವರ ಎದೆಗೆ ಬೀಳುತ್ತದೆ, ಫೋನಿನಲ್ಲಿ ಡಬ್ಬಿ ಬಡಿದ ಹಾಗೆ ಕೇಳುತ್ತದೆ.

ಇನ್ನೊಂದು ವಿಷಯ. ಒಬ್ಬರು ಅರ್ಥ, ಅಂದರೆ ಪಾತ್ರದ ಮಾತು, ಹೇಳುವಾಗ ರಂಗಸ್ಥಳದಲ್ಲಿ ರಥ ಅಂತ ಕರೆಯುವ ಆಸನದಲ್ಲಿ ಕೂತ ಎದುರಾಳಿ ವೇಷ ಸುಮ್ನೆ ಕೂತಿರುವುದಿಲ್ಲ. ಮೀಸೆ ತಿರುವುವುದು, ಒಂದು ಹೂಂಕಾರ, ಮುಖ ಆಚೆ ತಿರುಗಿಸುವುದು, ಇವೆಲ್ಲ ನಡೆಯುತ್ತಲೇ ಇರುತ್ತವೆ. ಅತ್ತ ನೋಡುವುದೋ ಇತ್ತ ನೋಡುವುದೋ ಅದು ನಮ್ಮಿಷ್ಟ. ಟಿವಿಯಲ್ಲಿ ಅದನ್ನು ಕ್ಯಾಮರಾದವರು ತೀರ್ಮಾನ ಮಾಡುತ್ತಾರೆ. ಎಳೆಯ ವೀರನ ಪುಂಡುವೇಷ ದಿಗಿಣ ಹಾರಿ ಸುತ್ತುವ ಹೊತ್ತಿಗೇ ಅವರು ಹಾಡುವ ಭಾಗವತರ ಮುಖ ಹತ್ತಿರದಿಂದ ತೋರಿಸುತ್ತಿರುತ್ತಾರೆ! ಮತ್ತೆ ಸಭೆ ಬಿಸಿಯಾದರೆ ಭಾಗವತರು ಅದೇ ಪದವನ್ನು ಇನ್ನೊಂದು ಸುತ್ತು ಎಳೆಯುತ್ತಾರೆ, ಹಾಸ್ಯಗಾರರು ಎದುರು ತೂಕಡಿಸುವವರನ್ನು ಕಂಡು ಅಲ್ಲೇ ಒಂದು ಮಾತು ಸೇರಿಸುತ್ತಾರೆ. ಖಾಲಿ ಕುರ್ಚಿಗಳ ಎದುರು ಇದೆಲ್ಲ ಹುಟ್ಟುವುದು ಹೇಗೆ?

ಮೊನ್ನೆ ನಮ್ಮ ಪಕ್ಕದ ಊರಿನ ಒಂದು ಆಟಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಗದ್ದೆಯ ನಟ್ಟನಡುವೆ, ರಂಗಸ್ಥಳಕ್ಕೆ ಸರೀ ಎದುರಾಗಿ ಕ್ಯಾಮರಾಕ್ಕೆ ಅಂತಲೇ ಎತ್ತರದ ಅಟ್ಟ ಕಟ್ಟಿದ್ದರು. ಹಿಂದೆ ಕೂತವರಿಗೆ ಕಂಡದ್ದು ಕ್ಯಾಮರಾ ಹಿಡಿದವರ ಬೆನ್ನು. ವಯಸ್ಸಾದ ಒಬ್ಬರು ಹೋಗಿ ಕೇಳಿದ್ದಕ್ಕೆ ಬಿಲ್ಲೆ ಹಾಕಿದ ಹುಡುಗ ಹೇಳಿದ್ದು: “ಲೈವ್ ಉಂಟಲ್ಲ ಅಜ್ಜ, ಮೊಬೈಲಲ್ಲಿ ನೋಡಿ.” ಗದ್ದೆಗೆ ಬಂದು ಕೂತವರಿಗೇ ಹೇಳುವ ಮಾತಾ ಇದು! ಮುಂದೆ ಕೂತವರಲ್ಲೂ ಅರ್ಧ ಜನ ಫೋನ್ ಎತ್ತಿ ಹಿಡಿದಿದ್ದರು ಅನ್ನಿ, ಅವರಿಗೆ ಏನು ಹೇಳುವುದು.

ಹಾಗಂತ ಜನ ಬಾರದಿರುವುದಕ್ಕೆ ಬರೀ ಸೋಮಾರಿತನ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಮೊದಲು ರಾತ್ರಿಯಿಡೀ ಆಟ ಇದ್ದಾಗ ಲೆಕ್ಕ ಸುಲಭ ಇತ್ತು. ಸಂಜೆ ಕೊನೆಯ ಬಸ್ಸಿಗೆ ಹೋಗುವುದು, ಚಹಾ ಕುಡಿದು, ಚರುಮುರಿ ತಿಂದು ನಿದ್ದೆ ಬಿಡುವುದು, ಬೆಳಗ್ಗೆ ಮಂಗಳ ಪದ ಆದ ಮೇಲೆ ಮೊದಲ ಬಸ್ಸಿಗೆ ವಾಪಸ್. ಈಗ ಹೆಚ್ಚಿನ ಕಡೆ ಕಾಲಮಿತಿ. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಮೈಕ್ ಹಾಕುವುದಕ್ಕೆ ನಿರ್ಬಂಧ ಇದೆ, ಮರುದಿನ ಎಲ್ಲರಿಗೂ ಕೆಲಸವೂ ಇದೆ. ಕಾಲಮಿತಿ ತಪ್ಪಲ್ಲ. ಆದರೆ ಆಟ ಬೇಗ ಮುಗಿಯುವುದರಿಂದ ಹೋಗುವವರಿಗೆ ಸುಲಭ ಆಯಿತು ಅಂದುಕೊಂಡರೆ ಆದದ್ದು ಉಲ್ಟಾ. ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಆಟ ಬಿಟ್ಟರೆ ಒಳಗಿನ ಊರುಗಳಿಗೆ ಯಾವ ಬಸ್ಸು ಇದೆ? ಆಟೋದವರು ಹೇಳಿದ್ದೇ ಬಾಡಿಗೆ. ಸ್ವಂತ ವಾಹನ ಇದ್ದವರು ಹೋಗುತ್ತಾರೆ, ಇಲ್ಲದವರು, ಅದರಲ್ಲೂ ಹೆಂಗಸರು, ಮನೆಯಲ್ಲಿ ಕೂತು ಲೈವ್ ನೋಡುತ್ತಾರೆ. ನಮ್ಮ ನೆರೆಮನೆಯ ಅಕ್ಕನಿಗೆ ಆಟದ ಹುಚ್ಚು ಎಷ್ಟೆಂದರೆ ಪದಗಳೆಲ್ಲ ಬಾಯಿಪಾಠ. ಅವರು ಆಟ ನೋಡಲು ಗದ್ದೆಗೆ ಬಾರದೆ ಎಷ್ಟೋ ಕಾಲ ಆಯಿತು.

ಅದಕ್ಕೇ ಸಂಘಟಕರಲ್ಲಿ, ಹರಕೆ ಆಟ ಆಡಿಸುವ ಮನೆಯವರಲ್ಲೂ ನನ್ನದೊಂದು ಕೋರಿಕೆ. ಪೆಂಡಾಲು, ಊಟ, ಸ್ವಾಗತದ ಕಮಾನು ಎಲ್ಲದಕ್ಕೂ ಖರ್ಚು ಮಾಡುತ್ತೀರಿ. ಜಾಸ್ತಿ ಕ್ಯಾಮರಾ ಇಟ್ಟು ಲೈವ್ ಮಾಡಿಸುವ ದುಡ್ಡಲ್ಲಿ ಸ್ವಲ್ಪ ಕಡಿಮೆ ಮಾಡಿ, ಆಟ ಬಿಟ್ಟ ಮೇಲೆ ಮುಖ್ಯ ರಸ್ತೆಯಲ್ಲಿ ಒಂದೆರಡು ಕಡೆಗೆ ಹೋಗುವ ಹಾಗೆ ಒಂದು ಖಾಸಗಿ ಬಸ್ಸು ಮಾಡಿಸಿ. ಬೇಕಾದರೆ ಟಿಕೆಟ್ ಇಡಿ, ಜನ ಕೊಡುತ್ತಾರೆ. ‘ನೇರ ಪ್ರಸಾರವಿದೆ’ ಅಂತ ಹಾಕುವ ಜಾಗದಲ್ಲಿ ‘ಆಟ ಮುಗಿದ ಮೇಲೆ ಬಸ್ಸಿನ ವ್ಯವಸ್ಥೆ ಇದೆ’ ಅಂತ ಹಾಕಿ ನೋಡಿ. ಕ್ಯಾಮರಾ ಇಡಲೇಬೇಕು ಅಂತಾದರೆ ಬದಿಗೆ ಇಡಿ, ಇಲ್ಲವೇ ಎಲ್ಲರ ಹಿಂದೆ ಇಡಿ. ಹಾಗೆಯೇ ಆ ಲೈವ್‌ನಿಂದ ಯಾರಿಗಾದರೂ ದುಡ್ಡು ಬರುವುದಿದ್ದರೆ ಅದರಲ್ಲಿ ಕುಣಿದವರಿಗೆ, ಹಾಡಿದವರಿಗೆ, ಬಾರಿಸಿದವರಿಗೆ ಎಷ್ಟು ಸಿಗುತ್ತದೆ ಎಂದೂ ಯಾರಾದರೂ ಹೇಳಲಿ.

ತಿರುಗಾಟ ಮುಗಿಸುವ ದಿನವಾದ ಪತ್ತನಾಜೆ ಕಳೆದು ಹೆಚ್ಚಿನ ಮೇಳಗಳು ಗೆಜ್ಜೆ ಬಿಚ್ಚಿವೆ. ಮುಂದಿನ ತಿರುಗಾಟಕ್ಕೆ ಮೇಳದವರ ಹತ್ತಿರ ದಿನ ಕೇಳಲು ಹೋಗುವವರು ಬರುವಾಗ ಹಾಗೇ ಒಬ್ಬ ಬಸ್ಸಿನ ಮಾಲಕರನ್ನೂ ಮಾತಾಡಿಸಿಕೊಂಡು ಬನ್ನಿ.

– ಒಬ್ಬ ಯಕ್ಷಗಾನ ಪ್ರೇಕ್ಷಕ, ಕಾಪು