ಹೆರಿಗೆಗೆ ಪಳಗಿದ ನರ್ಸುಗಳನ್ನು ಹೆರಿಗೆ ಕೊಠಡಿಯಲ್ಲೇ ಉಳಿಸಿ

ಮಾನ್ಯ ಸಂಪಾದಕರೇ,

ಪ್ರಾದೇಶಿಕ ಆಸ್ಪತ್ರೆಯ ಹೆರಿಗೆ ವಿಭಾಗ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡೇ ಸಂದರ್ಭಗಳಲ್ಲಿ: ಹೊಸ ಕಟ್ಟಡ ಉದ್ಘಾಟನೆಯಾದಾಗ, ಇಲ್ಲವೇ ಬಾಣಂತಿ ತೀರಿಕೊಂಡಾಗ. ಆಗೆಲ್ಲ ಹಾಸಿಗೆ ಎಷ್ಟು, ಯಂತ್ರ ಯಾವುದು, ವೈದ್ಯರು ಎಷ್ಟು ಮಂದಿ ಎಂದು ಚರ್ಚೆಯಾಗುತ್ತದೆ. ನೋವು ತಿನ್ನುತ್ತಿರುವ ಹೆಂಗಸಿನ ಪಕ್ಕದಲ್ಲಿ ರಾತ್ರಿಯಿಡೀ ನಿಲ್ಲುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ವೃತ್ತಿಯ ಬಹುಪಾಲನ್ನು ಹೆರಿಗೆ ಕೊಠಡಿಯಲ್ಲೇ ಕಳೆದು ನಿವೃತ್ತಳಾದ ನರ್ಸ್ ನಾನು. ಆ ಪ್ರಶ್ನೆಯನ್ನು ನಾನೇ ಕೇಳುತ್ತಿದ್ದೇನೆ.

ಹೆರಿಗೆ ಮಾಡಿಸುವುದರಲ್ಲಿ ನರ್ಸ್ ಒಬ್ಬಳ ಕೈ ಕುದುರುವುದಕ್ಕೆ ಕಾಲ ಬೇಕು. ಕುದುರುವ ಹೊತ್ತಿಗೆ ಅವಳನ್ನು ಶಸ್ತ್ರಚಿಕಿತ್ಸೆ ವಾರ್ಡಿಗೋ ಹೊರರೋಗಿ ವಿಭಾಗಕ್ಕೋ ಹಾಕುತ್ತಾರೆ. ಅವಳ ಜಾಗಕ್ಕೆ ಹೆರಿಗೆಯನ್ನು ಕಂಡೇ ಇರದ ಹುಡುಗಿ ಬರುತ್ತಾಳೆ. ಆಡಳಿತದ ಲೆಕ್ಕದಲ್ಲಿ ಇಬ್ಬರೂ ಒಂದೇ.

ಒಬ್ಬ ತಾಯಿಯ ಪ್ರಸಂಗ ಹೇಳುತ್ತೇನೆ. ಸಲೀಸಾದ ಹೆರಿಗೆ. ಮಗು ಅತ್ತಿತು, ಮಾಸು ಬಿತ್ತು, ಮನೆಯವರ ಗಮನವೆಲ್ಲ ಮಗುವಿನ ಕಡೆಗೆ ಹೋಯಿತು. ಪಕ್ಕದ ಮಂಚದವಳಿಗೆ ನೋವು ಜೋರಾಗಿ ನಾವು ಅತ್ತ ಓಡಿದ್ದೆವು. ಈ ತಾಯಿ ಮೆಲ್ಲಗೆ, ‘ನಿದ್ದೆ ಬರುತ್ತಿದೆ ಸಿಸ್ಟರ್’ ಎಂದಳು. ಹೊದಿಕೆಯ ಮೇಲೆ ಒಂದು ಹನಿ ರಕ್ತವಿರಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ನಮ್ಮ ಹಿರಿಯ ನರ್ಸ್ ಬಂದು ಹೊಟ್ಟೆಯ ಮೇಲೆ ಕೈಯಿಟ್ಟರು. ಗಟ್ಟಿಯಾಗಿ ಕೈಗೆ ಸಿಗಬೇಕಾದ ಗರ್ಭಕೋಶ ಮೆತ್ತಗಾಗಿತ್ತು. ಸೊಂಟ ಸರಿಸಿ ನೋಡಿದರೆ ಕೆಳಗಿನ ಬಟ್ಟೆಯೆಲ್ಲ ತೊಯ್ದು ರಕ್ತ ಹಾಸಿಗೆಗೆ ಇಳಿದಿತ್ತು. ಒಂದು ಕೈಯಲ್ಲಿ ಗರ್ಭಕೋಶವನ್ನು ತಿಕ್ಕುತ್ತಲೇ ಅವರು ಅದನ್ನು ಬಿಗಿಗೊಳಿಸುವ ಔಷಧಿ ಆಕ್ಸಿಟೋಸಿನ್‌ಗೆ, ಸಲೈನಿಗೆ ಕೂಗಿದರು, ವೈದ್ಯರನ್ನು ಕರೆಸಿದರು. ತಾಯಿ ಉಳಿದಳು. ಆ ಹಿರಿಯ ನರ್ಸನ್ನು ಕೆಲಕಾಲದ ಬಳಿಕ ಕಣ್ಣಿನ ವಿಭಾಗಕ್ಕೆ ಹಾಕಿದರು. ನನಗೆ ಇವತ್ತಿಗೂ ಅದನ್ನು ಅರಗಿಸಿಕೊಳ್ಳಲಾಗಿಲ್ಲ.

ಹೆರಿಗೆಯ ನಂತರ ಹೋದ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿದರೆ ಕಡಿಮೆಯೇ ಕಾಣುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ದಾರಿ ತೋರಿಸಿದೆ. ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತವನ್ನು ಅಳೆದರು. ಸ್ರಾವ ಮಿತಿ ಮೀರುವ ಸೂಚನೆ ಕಂಡೊಡನೆ ಗರ್ಭಕೋಶದ ಮಾಲೀಸು, ಔಷಧಿ, ಸಲೈನ್, ತಪಾಸಣೆ ಎಲ್ಲವನ್ನೂ ಒಟ್ಟಿಗೇ ಕೊಟ್ಟರು. ಒಂದು ಲೀಟರಿಗೂ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು, ಅದರಿಂದಾಗುವ ಸಾವು ಇವೆಲ್ಲ ಸೇರಿ ಶೇ 60ರಷ್ಟು ಇಳಿದವು. ಪ್ಲಾಸ್ಟಿಕ್ ಹಾಳೆಯನ್ನು ಯಾರು ಬೇಕಾದರೂ ತಂದುಕೊಡಬಹುದು. ಮೊದಲ ಒಂದು ಗಂಟೆ ಅದರ ಮೇಲೆ ಕಣ್ಣಿಟ್ಟು, ಕಂಡದ್ದೇ ಕೈ ಹಾಕುವವರು ಬೇಕಲ್ಲ?

ಹೆರಿಗೆಗೆ ಮುಂಚಿನ ಗಂಟೆಗಳೂ ಹಾಗೆಯೇ. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ 2018ರ ಮಾರ್ಗಸೂಚಿಯಲ್ಲೇ ಹೇಳಿದೆ. ತಾಯಿಯೂ ಮಗುವೂ ಚೆನ್ನಾಗಿದ್ದರೆ ಕಾಯಬಹುದು. ಆದರೆ ಚೆನ್ನಾಗಿದ್ದಾರೆಂದು ತಿಳಿಯಬೇಕಾದರೆ ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕೇಳುತ್ತಿರಬೇಕು. ಒಬ್ಬಳೇ ನರ್ಸ್ ಹಲವು ಮಂಚಗಳಿಗೆ ಓಡುತ್ತಿದ್ದರೆ ಅದು ಎಲ್ಲಿ ಸಾಧ್ಯ? ಆಗ ಕಾಯುವ ಬದಲು ನೋವು ಜೋರು ಮಾಡುವ ಡ್ರಿಪ್ ಹಾಕಿ ಅವಸರ ಮಾಡುತ್ತಾರೆ. ಗರ್ಭಿಣಿ ಕೂಗಿದರೆ ಗದರುತ್ತಾರೆ, ತೊಡೆಗೆ ಹೊಡೆದದ್ದನ್ನೂ ಕಂಡಿದ್ದೇನೆ. ಕೆಲಸದ ಒತ್ತಡ ಅದಕ್ಕೆ ಕಾರಣವಿರಬಹುದು, ಸಮರ್ಥನೆ ಆಗಲಾರದು. ತನಗೆ ಬೇಕಾದವರೊಬ್ಬರನ್ನು ಜೊತೆಗಿಟ್ಟುಕೊಳ್ಳಲು ಹೆರುವವಳಿಗೆ ಅವಕಾಶ ಕೊಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಹೀಗೆ ಕೊನೆಯವರೆಗೂ ಆಸರೆ ಸಿಕ್ಕವರಲ್ಲಿ ಸಿಸೇರಿಯನ್ ಕಡಿಮೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಜಾಗವಿಲ್ಲ ಎನ್ನುವವರು ಮಂಚಗಳ ನಡುವೆ ಪರದೆ ಹಾಕಿಸಿ, ಒಂದು ಸ್ಟೂಲ್ ಇಡಿಸಲಿ.

ವೈದ್ಯರು ಬೇಡವೆಂದು ನಾನು ಹೇಳುತ್ತಿಲ್ಲ. ಸಿಸೇರಿಯನ್ ಬೇಕಾದವಳಿಗೆ ಅದು ತಡವಾಗಲೇಬಾರದು. ಯಾರಿಗೆ ಬೇಕು ಎಂಬುದು ಸಕಾಲದಲ್ಲಿ ಗೊತ್ತಾಗುವುದೂ ಪಕ್ಕದಲ್ಲಿ ಪಳಗಿದವರಿದ್ದಾಗ. ಜಗತ್ತಿನಲ್ಲಿ ಸುಮಾರು 9 ಲಕ್ಷ ಮಿಡ್‌ವೈಫ್‌ಗಳ, ಅಂದರೆ ಹೆರಿಗೆ ಮಾಡಿಸುವುದನ್ನೇ ಕಲಿತವರ, ಕೊರತೆ ಇದೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತಿತರ ಸಂಸ್ಥೆಗಳ 2021ರ ವರದಿ ಹೇಳಿತ್ತು. ಕೊರತೆ ಇಷ್ಟಿರುವಾಗ ಇರುವವರನ್ನೂ ಬೇರೆ ಕೆಲಸಕ್ಕೆ ಎಬ್ಬಿಸುವುದು ಯಾವ ನ್ಯಾಯ? ಮಿಡ್‌ವೈಫರಿ ಕಲಿತವರಿಗೆ ಪ್ರತ್ಯೇಕ ಹುದ್ದೆ ಕೊಡಿ, ಬಡ್ತಿಯೂ ಆ ವಿಭಾಗದಲ್ಲೇ ಸಿಗಲಿ. ಬಡ್ತಿಗಾಗಿ ಹೆರಿಗೆ ಕೊಠಡಿ ಬಿಟ್ಟುಹೋದ ಒಳ್ಳೆಯ ನರ್ಸುಗಳನ್ನು ನಾನು ಬಲ್ಲೆ.

ಪರಿಶೀಲನೆಗೆ ಬರುವ ಅಧಿಕಾರಿಗಳಲ್ಲಿ ಒಂದು ವಿನಂತಿ. ಹಗಲಿನ ಬದಲು ನಡುರಾತ್ರಿಯ ಪಾಳಿಯಲ್ಲಿ, ಮುನ್ಸೂಚನೆ ಕೊಡದೆ ಬನ್ನಿ. ಡ್ಯೂಟಿ ಪಟ್ಟಿಯನ್ನು ತರಿಸಿ, ಅದರಲ್ಲಿರುವವರ ಪೈಕಿ ಕಳೆದ ವರ್ಷವೂ ಇದೇ ಕೊಠಡಿಯಲ್ಲಿ ಇದ್ದವರು ಎಷ್ಟು ಮಂದಿ ಎಂದು ಕೇಳಿ, ಆ ಸಂಖ್ಯೆಯನ್ನು ನಿಮ್ಮ ವರದಿಯಲ್ಲಿ ಬರೆಯಿರಿ.

– ನಿವೃತ್ತ ನರ್ಸ್, ಹೆರಿಗೆ ವಿಭಾಗ