ದಾಂಡೇಲಿ ಕವಲು ಮಾರ್ಗದ ಚರಿತ್ರೆ ದಾಖಲಾಗಲಿ

ಮಾನ್ಯ ಸಂಪಾದಕರೇ,

ಅಳ್ನಾವರ–ದಾಂಡೇಲಿ ರೈಲು ಮಾರ್ಗದ ಮಾತು ಬಂದಾಗಲೆಲ್ಲ ಪ್ರಯಾಣಿಕರ ಗಾಡಿ ಓಡಬೇಕೆಂಬ ಬೇಡಿಕೆಯಲ್ಲೇ ಚರ್ಚೆ ಮುಗಿದುಹೋಗುತ್ತದೆ. ಆ ಬೇಡಿಕೆ ನ್ಯಾಯವಾದದ್ದೇ. ಅದರ ಪರ ಬರೆಯುವವರೂ ಬೇಕಾದಷ್ಟಿದ್ದಾರೆ. ನನ್ನ ಪತ್ರ ಈ ಮಾರ್ಗದ ಮತ್ತು ಅದರ ಹಳೆಯ ನಿಲ್ದಾಣಗಳ ಚರಿತ್ರೆಯನ್ನು ಕುರಿತದ್ದು.

ದಾಂಡೇಲಿಗೆ ರೈಲು ಬಂದದ್ದು ಕಾಗದದ ಕಾರ್ಖಾನೆಗಾಗಿ ಎಂಬ ಮಾತು ಧಾರವಾಡದ ಕಡೆ ಓದಿಕೊಂಡವರ ಬಾಯಲ್ಲೂ ಕೇಳಿಬರುತ್ತದೆ. ಇದು ತಿರುಗುಮುರುಗಾದ ತಿಳಿವಳಿಕೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ. ಮೀಟರ್ ಗೇಜ್ ಹಳಿ, ಅಂದರೆ ಒಂದು ಮೀಟರ್ ಅಗಲದ ಹಳಿ, ಅದಕ್ಕೂ ಮೂರು ದಶಕಕ್ಕಿಂತ ಹಿಂದೆ, ಮೊದಲ ಮಹಾಯುದ್ಧದ ಆಸುಪಾಸಿನಲ್ಲೇ ಕಾಡನ್ನು ಹೊಕ್ಕಿತ್ತು. ಹೊಕ್ಕದ್ದು ಮರಕ್ಕಾಗಿ. ಕಾಳಿ ನದಿಯ ಆಚೀಚಿನ ಸಾಗವಾನಿ, ಮತ್ತಿ ಮೊದಲಾದ ಮರಗಳ ದಿಮ್ಮಿಗಳನ್ನು ಅಳ್ನಾವರಕ್ಕೆ ತಂದುಬಿಟ್ಟರೆ ಸಾಕಿತ್ತು, ಅಲ್ಲಿಂದ ಮುಖ್ಯ ಮಾರ್ಗದಲ್ಲಿ ಒಂದು ಕಡೆಗೆ ಧಾರವಾಡ, ಹುಬ್ಬಳ್ಳಿ, ಇನ್ನೊಂದು ಕಡೆಗೆ ಲೋಂಡಾ ದಾಟಿ ಕ್ಯಾಸಲ್‌ರಾಕ್ ಘಟ್ಟ ಇಳಿದರೆ ಮಾರ್ಮಗೋವಾ ಬಂದರು. ಬಿದಿರು ಹೇರಳವಾಗಿದ್ದ ಕಾಡಿನ ನಡುವೆ ಸಿದ್ಧ ಹಳಿಯೂ ಇದ್ದದ್ದು ಕಾರ್ಖಾನೆ ಅಲ್ಲಿ ನೆಲೆಯೂರಲು ಅನುಕೂಲವಾಯಿತೆಂದು ಹೇಳುವುದೇ ಹೆಚ್ಚು ಸರಿ.

ಈ ಚರಿತ್ರೆಯ ಬೇರು ಧಾರವಾಡದಲ್ಲಿದೆ. 1876–78ರ ಭೀಕರ ಬರದ ತರುವಾಯ, ಬರಪೀಡಿತ ಪ್ರದೇಶಗಳಿಗೆ ಕಾಳು ಸಾಗಿಸಲು ರೈಲು ಬೇಕೆಂಬ ಕಾರಣಕ್ಕೆ 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಇದೇ ಊರಿನಲ್ಲಿ. ಇಂದು ಕರ್ನಾಟಕ ಕಾಲೇಜಿನ ಮೆಟ್ಟಿಲು ಹತ್ತುವ ಎಷ್ಟು ಜನ ವಿದ್ಯಾರ್ಥಿಗಳಿಗೆ ಅದು ಮೂಲತಃ ರೈಲ್ವೆ ಕಂಪನಿಯ ಕಟ್ಟಡವೆಂದು ಗೊತ್ತಿದೆಯೋ ತಿಳಿಯದು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿಕೊಂಡಿತು. ಮುಂದೆ ನಮ್ಮ ಭಾಗದ ಹಳಿಗಳು 1951ರಲ್ಲಿ ಚೆನ್ನೈಯ ದಕ್ಷಿಣ ರೈಲ್ವೆಗೆ, 1966ರ ನಂತರ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿದವು. ಹೀಗೆ ಒಡೆತನ ಕೈಬದಲಾದಾಗಲೆಲ್ಲ ದೊಡ್ಡ ಮಾರ್ಗಗಳ ಕಾಗದಪತ್ರಗಳನ್ನಾದರೂ ಯಾರಾದರೂ ವಿಚಾರಿಸುತ್ತಾರೆ. ಕವಲು ಮಾರ್ಗದ ಸ್ಟೇಶನ್ನಿನ ದಫ್ತರವನ್ನು ಕೇಳುವವರು ಯಾರು?

1990ರ ದಶಕದಲ್ಲಿ ಮೀಟರ್ ಗೇಜ್ ಹಳಿಗಳನ್ನು ಅಗಲವಾದ ಬ್ರಾಡ್ ಗೇಜ್‌ಗೆ ಬದಲಿಸುವ ಏಕರೂಪ ಗೇಜ್ ಯೋಜನೆಯ ಕೆಲಸ ನಮ್ಮ ಭಾಗಕ್ಕೆ ಬಂದಾಗ ದಾಂಡೇಲಿಯ ಪ್ರಯಾಣಿಕರ ಗಾಡಿ ನಿಂತಿತು. ಹಳಿ ಬ್ರಾಡ್ ಗೇಜ್ ಆದ ಮೇಲೂ ಅದರ ಮೇಲೆ ಸರಕು ಸಾಗಿತೇ ಹೊರತು ಜನ ಸಾಗಲಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲದ ಬಳಿಕ, 2019ರ ನವೆಂಬರ್‌ನಲ್ಲಿ, ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ, ಧಾರವಾಡದಿಂದ ದಾಂಡೇಲಿ ಪಕ್ಕದ ಅಂಬೇವಾಡಿಯವರೆಗೆ ಗಾಡಿ ಮತ್ತೆ ಹೊರಟಿತು. ಮುಂದಿನ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತಾಗ ಇದೂ ನಿಂತಿತು. ಅಷ್ಟು ವರ್ಷ ಕಾದವರಿಗೆ ದಕ್ಕಿದ್ದು ಐದು ತಿಂಗಳೂ ತುಂಬದ ಸೌಭಾಗ್ಯ!

ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಇದೆ. ಮಲಪ್ರಭಾ, ಘಟಪ್ರಭಾ ಎಂಬ ಹಳೆಯ ಕಟ್ಟಡಗಳನ್ನೇ ದುರಸ್ತಿ ಮಾಡಿ ಅದಕ್ಕೆ ಬಳಸಿಕೊಂಡದ್ದು ಮೆಚ್ಚತಕ್ಕ ಕೆಲಸ. ಅಳ್ನಾವರ–ದಾಂಡೇಲಿ ಮಾರ್ಗದ ನಕ್ಷೆ, ವೇಳಾಪಟ್ಟಿ, ಟಿಕೆಟ್, ಫೋಟೊಗಳನ್ನು ಚೆನ್ನೈ ಮತ್ತು ಸಿಕಂದರಾಬಾದಿನ ದಫ್ತರಗಳಲ್ಲೂ ಹುಡುಕಿಸಿ, ಈ ಮ್ಯೂಸಿಯಂನಲ್ಲೇ ಒಂದು ಗೋಡೆಯನ್ನು ಅದಕ್ಕಾಗಿ ಮೀಸಲಿಡುವುದು ನೈಋತ್ಯ ರೈಲ್ವೆಗೆ ಭಾರವಾಗಲಾರದು. ಅದಕ್ಕಿಂತ ತುರ್ತಾದ ಕೆಲಸ ಇನ್ನೊಂದಿದೆ. ಮೀಟರ್ ಗೇಜ್ ಕಾಲದಲ್ಲಿ ಈ ಮಾರ್ಗದಲ್ಲಿ ದುಡಿದ ಗ್ಯಾಂಗ್‌ಮನ್‌ಗಳು, ಪಾಯಿಂಟ್ಸ್‌ಮನ್‌ಗಳು, ಸ್ಟೇಶನ್ ಮಾಸ್ತರರು ಈಗ ಇಳಿವಯಸ್ಸಿನವರು. ಕಾಗದವನ್ನು ಮುಂದಿನ ವರ್ಷವೂ ಹುಡುಕಬಹುದು, ಇವರ ಮಾತನ್ನು ಹಾಗೆ ಮುಂದೂಡಲಾಗದು. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಅಳ್ನಾವರ, ದಾಂಡೇಲಿಗಳಿಗೆ ಕಳುಹಿಸಿ ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಈ ವರ್ಷವೇ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಧಾರವಾಡ